ಅವ್ವ ಕಣ್ಣು ಬಿಟ್ಟ ಫೋಟೊ

ನಮ್ಮ ಮನೆಯ ಫೋಟೊಗಳನ್ನೆಲ್ಲ ಗುಡ್ಡೆ ಹಾಕಿ ಹುಡುಕಿದರೂ ನಮ್ಮವ್ವನ ಕಣ್ಣು ಹೇಗಿವೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮದುವೆಯ ಫೋಟೊದಲ್ಲಿ ಅಪ್ಪ ಎದೆ ಸೆಟೆಸಿಕೊಂಡು ಕೂತಿದ್ದಾನೆ, ಪಕ್ಕದಲ್ಲಿ ಅವ್ವ ಕಣ್ಣು ಮುಚ್ಚಿದ್ದಾಳೆ. ಅಣ್ಣನ ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗ ಮುಚ್ಚಿದ್ದಾಳೆ, ಮೊಮ್ಮಗಳ ನಾಮಕರಣದಲ್ಲಿ ತೊಟ್ಟಿಲು ತೂಗುವಾಗ ಮುಚ್ಚಿದ್ದಾಳೆ. ನನ್ನನ್ನು ಗಂಡನ ಮನೆಗೆ ಒಪ್ಪಿಸಿಕೊಡುವ ಫೋಟೊದಲ್ಲೂ ಮುಚ್ಚಿದ್ದಾಳೆ. ಆಲ್ಬಮ್ ನೋಡಿದ ನಮ್ಮತ್ತೆ, ಹೆತ್ತ ಕರುಳು ಎಷ್ಟು ಸಂಕಟಪಡುತ್ತಿದೆ ನೋಡು ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸಂಕಟವೂ ಇಲ್ಲ, ಮಣ್ಣೂ ಇಲ್ಲ. ಅವ್ವ ಕಣ್ಣು ಮುಚ್ಚಿದ್ದು ಫ್ಲಾಶ್‌ಗೆ.

ಫ್ಲಾಶ್ ಹೊಡೆಯುವುದಕ್ಕೂ ಅವಳ ರೆಪ್ಪೆ ಬೀಳುವುದಕ್ಕೂ ಅದೇನು ಒಪ್ಪಂದವೋ ದೇವರೇ ಬಲ್ಲ. ಹೋಗಲಿ, ಹೊರಗೆ ಬಿಸಿಲಲ್ಲಿ ತೆಗೆಯೋಣವೆಂದರೆ ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಮುಖ ಎತ್ತಿದರೆ ಸಾಕು, ಕಣ್ಣಿಗೆ ಹೊಲಿಗೆ ಹಾಕಿದಂತೆ ಕಿರಿದು ಮಾಡಿಕೊಳ್ಳುತ್ತಿದ್ದಳು. ಮಗ ಹೊಸದುರ್ಗದಲ್ಲಿ ಸ್ಟುಡಿಯೊ ಇಟ್ಟವನು, ಮಗಳು ಅದೇ ಸ್ಟುಡಿಯೊದಲ್ಲಿ ಅರ್ಧ ಆಯುಷ್ಯ ಕಳೆದವಳು, ತಾಯಿಯ ಒಂದು ಫೋಟೊ ನೆಟ್ಟಗಿಲ್ಲ ಎಂದರೆ ಜನ ನಗದೆ ಇರುತ್ತಾರೆಯೇ? ಅಣ್ಣನಿಗೂ ಇದು ಒಳಗೊಳಗೆ ಕುಟುಕುತ್ತಿತ್ತು. ಒಮ್ಮೆ ಹಠ ಹಿಡಿದು, ನಮ್ಮ ಚಿಕ್ಕಮ್ಮನ ಫೋಟೊದಿಂದ ಕಣ್ಣು ಕತ್ತರಿಸಿ ಕಂಪ್ಯೂಟರಿನಲ್ಲಿ ಅವ್ವನ ಮುಖಕ್ಕೆ ಅಂಟಿಸಿದ. ಕೆಲಸವೇನೋ ನಾಜೂಕಾಗಿಯೇ ಇತ್ತು. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇವು ನನ್ನ ತಂಗಿ ಕಣ್ಣು ಕಣಪ್ಪ, ಅವಳಿಗೆ ವಾಪಸ್ ಕೊಟ್ಬಿಡು" ಎಂದು ಅವನ ಕೈಗೇ ಇಟ್ಟಳು.

ಇದೆಲ್ಲ ನಗೆಚಾಟಿಕೆಯಾಗಿಯೇ ಇದ್ದುಬಿಡುತ್ತಿತ್ತು. ಅದು ನಗೆಚಾಟಿಕೆ ಅಲ್ಲ ಎಂದು ನನಗೆ ತಿಳಿದದ್ದು ಹೋದ ವರ್ಷ. ನಮ್ಮ ತವರು ಹೊಸದುರ್ಗ ಮತ್ತು ಹೊಳಲ್ಕೆರೆ ನಡುವಿನ ಒಂದು ಹಳ್ಳಿ. ಅಣ್ಣ ಅತ್ತಿಗೆ ಅವ್ವನ ಜೊತೆ ಅಲ್ಲೇ ಇದ್ದಾರೆ, ಅಣ್ಣ ದಿನಾ ಸ್ಟುಡಿಯೊಗೆ ಹೋಗಿ ಬರುತ್ತಾನೆ. ಅಲ್ಲಿ ನಡುಮನೆಯ ಗೋಡೆಯ ಮೇಲೆ ಒಂದು ಸಾಲು ಫೋಟೊಗಳಿವೆ. ಅಪ್ಪನ ಕಡೆಯ ಅಜ್ಜ, ಅಜ್ಜಿ, ದೊಡ್ಡಪ್ಪ, ಕೊನೆಯಲ್ಲಿ ಅಪ್ಪ. ಎಲ್ಲರೂ ಹೋದವರು. ಬದುಕಿರುವವರ ಫೋಟೊವನ್ನು ಆ ಗೋಡೆಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ, ಕೇಳಿದರೆ ಕೆಟ್ಟದ್ದಾಗುತ್ತದೆ ಎನ್ನುತ್ತಾರೆ. ಅವತ್ತು ಅವ್ವ ಸ್ಟೂಲಿನ ಮೇಲೆ ನಿಂತು ಅಪ್ಪನ ಫೋಟೊದ ಗಾಜು ಒರೆಸುತ್ತಿದ್ದಳು, ನಾನು ಕೆಳಗೆ ಸ್ಟೂಲು ಹಿಡಿದಿದ್ದೆ. ಒರೆಸುತ್ತ ಒರೆಸುತ್ತ ಪಕ್ಕದ ಖಾಲಿ ಜಾಗದ ಮೇಲೂ ಬಟ್ಟೆ ಆಡಿಸಿದಳು.

"ನೀವು ಹೆಂಗಿದ್ರೂ ನನ್ನ ಫೋಟನ ಇಲ್ಲೇ ತಂದು ಹಾಕ್ತೀರ. ಕಣ್ಣು ಮುಚ್ಚಿರೋದನ್ನ ಹಾಕ್ಬ್ಯಾಡ್ರಿ ಕಣೇ. ಕಣ್ಣು ಬಿಟ್ಟಿರೋದು ಒಂದು ತೆಗೀರಿ. ಅದೂ ನಾನು ಇದ್ದಾಗ್ಲೇ ಹಾಕ್ರಿ, ನಾನೂ ಒಂದಿಷ್ಟು ದಿನ ನೋಡ್ತೀನಿ."

ಅಳುದನಿಯಲ್ಲಿ ಹೇಳಲಿಲ್ಲ ಅವಳು. ಸಂತೆಯಿಂದ ಒಂದು ಮೊರ ತಂದುಕೊಡು ಎನ್ನುವ ಹಾಗೆ ಹೇಳಿದಳು. ನಮ್ಮವ್ವ ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಈಗ ಕೇಳಿದ್ದಾಳೆ, ಅದೂ ನಮ್ಮ ಕಸುಬಿನದ್ದನ್ನೇ ಕೇಳಿದ್ದಾಳೆ. ಇಷ್ಟನ್ನೂ ಕೊಡದಿದ್ದರೆ ಆ ಸ್ಟುಡಿಯೊಗೆ ಬೀಗ ಹಾಕಿ ಮೆಣಸಿನಕಾಯಿ ಮಾರುವುದು ವಾಸಿ ಎಂದುಕೊಂಡೆ.

ಅವ್ವನ ಕಣ್ಣು ಪೂರ್ತಿ ತೆರೆದಿರುವುದು ಎಲ್ಲಿ ಎಂದು ಯೋಚಿಸಿದೆ. ಉತ್ತರ ಎದುರಿಗೇ ಇತ್ತು. ತೋಟದ ಅಂಚಿಗೆ ನಮ್ಮದೊಂದು ಕೊಬ್ಬರಿ ಮನೆ ಇದೆ. ಅಟ್ಟದ ಮೇಲೆ ತೆಂಗಿನಕಾಯಿ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ಕಟ್ಟುತ್ತದೆ. ಹೆಂಚಿನ ಮಾಡು, ಒಂದೇ ಬಾಗಿಲು, ಕಿಟಕಿ ಎಂಬುದು ಹೆಸರಿಗೂ ಇಲ್ಲ. ಆ ಮಬ್ಬಿನಲ್ಲಿ ಅವ್ವ ಬಾಗಿಲಿಗೆ ಮುಖ ಮಾಡಿ ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಾಳೆ. ಒಡೆಯುವ ಮುಂಚೆ ಪ್ರತಿ ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಒಳಗೆ ಕೊಬ್ಬರಿ ಗಡಗಡ ಎಂದರೆ ಒಣಗಿದೆ ಎಂದರ್ಥ. ಇದನ್ನು ಆ ಊರಿನಲ್ಲಿ ಯಾರು ಬೇಕಾದರೂ ಮಾಡುತ್ತಾರೆ, ಅದರಲ್ಲಿ ವಿಶೇಷವಿಲ್ಲ. ವಿಶೇಷವೇನೆಂದರೆ ಆ ಸದ್ದು ಕೇಳುವ ಕ್ಷಣದಲ್ಲಿ ಅವ್ವನ ಹುಬ್ಬು ಮೇಲೇರಿ ಕಣ್ಣು ಇಷ್ಟಗಲ ಅರಳುತ್ತವೆ. ಚಿಕ್ಕಂದಿನಿಂದ ನೋಡಿದ್ದೆ. ಫೋಟೊ ಎಂದು ನೋಡಿರಲಿಲ್ಲ, ಅಷ್ಟೇ.

ಮನೆ ಕತ್ತಲು, ಫ್ಲಾಶ್ ಹೊಡೆಯುವಂತಿಲ್ಲ. ಸ್ಟುಡಿಯೊದ ಎಲ್‌ಇಡಿ ಲೈಟು ತಂದು ನಿಲ್ಲಿಸಿದರೆ ಅವ್ವ ಹೊಸ ಸೊಸೆಯಂತೆ ಬಿಗಿದು ಕೂತು ಕಣ್ಣು ಪಿಳಿಪಿಳಿ ಬಡಿಯತೊಡಗಿದಳು. ಲೈಟು ವಾಪಸ್ ಕಟ್ಟಿಟ್ಟೆ. ಇನ್ನುಳಿದದ್ದು ಒಂದೇ ದಾರಿ, ಐಎಸ್‌ಒ. ಕ್ಯಾಮೆರಾ ತನಗೆ ಸಿಕ್ಕಿದ ಕೊಂಚ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಎಂದು ಹೇಳುವ ಸಂಖ್ಯೆ ಅದು. ದೂರದ ಸ್ಟೇಷನ್ ಹಿಡಿಯಲು ರೇಡಿಯೊದ ವಾಲ್ಯೂಮ್ ಏರಿಸಿದ ಹಾಗೆ. ಹಾಡು ಜೋರಾಗಿ ಕೇಳುತ್ತದೆ, ಜೊತೆಗೆ ಗೊರಗೊರ ಸದ್ದೂ ಏರುತ್ತದೆ. ಫೋಟೊದಲ್ಲಿ ಆ ಗೊರಗೊರ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ನಾವು ಸ್ಟುಡಿಯೊದವರು ಅದನ್ನು ಗ್ರೇನ್ಸ್ ಅನ್ನುತ್ತೇವೆ. ಎಲ್ಲಿಯವರೆಗೆ ಏರಿಸಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದೇ ಕಸುಬು.

ನಮ್ಮ ಸ್ಟುಡಿಯೊದಲ್ಲಿ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅಣ್ಣ ಎಂದೋ ತೀರ್ಮಾನಿಸಿಬಿಟ್ಟಿದ್ದ. ಸಾವಿರದ ಆರುನೂರು. ಅದರ ಮೇಲೆ ಹೋಗಕೂಡದು. ಕ್ಯಾಮೆರಾದ ಬೆನ್ನಿಗೆ ಪ್ಲಾಸ್ಟರ್ ತುಂಡು ಅಂಟಿಸಿ ಪೆನ್ನಿನಲ್ಲಿ ಬರೆದಿದ್ದ. ಅವನು ಮೊದಲು ಕೊಂಡ ಡಿಜಿಟಲ್ ಕ್ಯಾಮೆರಾದಲ್ಲಿ ಒಂದು ಮದುವೆಯ ಫೋಟೊಗಳು ಗಸಗಸೆ ಚೆಲ್ಲಿದಂತೆ ಬಂದು, ಬೀಗರು ಮುಖಕ್ಕೆ ಉಗಿದಿದ್ದರಂತೆ. ಅಂದು ಹಾಕಿಕೊಂಡ ನೇಮ. ಆ ಕ್ಯಾಮೆರಾ ಹೋಯಿತು, ಇನ್ನೊಂದು ಬಂತು, ಅದೂ ಹೋಗಿ ಈಗಿನದು ಬಂತು. ಪ್ಲಾಸ್ಟರ್ ಮಾತ್ರ ಒಂದರ ಬೆನ್ನಿನಿಂದ ಇನ್ನೊಂದರ ಬೆನ್ನಿಗೆ ದಾಟುತ್ತಲೇ ಇತ್ತು. ಅಪ್ಪ ನೆಟ್ಟ ಆಲದ ಮರವೆಂದು ಯಾರಾದರೂ ನೇಣು ಹಾಕಿಕೊಳ್ಳುತ್ತಾರೆಯೇ? ಇವನು ತಾನೇ ನೆಟ್ಟ ಮರಕ್ಕೆ ಹಾಕಿಕೊಂಡಿದ್ದ.

ಆದರೂ ಮೊದಲ ಸಲ ಅಣ್ಣನ ಮಾತಿನಂತೆಯೇ ಹೋದೆ. ಬೆಳಗಿನ ತಿಂಡಿ ಮುಗಿಸಿ ಅವ್ವ ಕೊಬ್ಬರಿ ಮನೆ ಸೇರಿದಳು. ನಾನು ಬಾಗಿಲ ಪಕ್ಕ ಕೂತೆ. ಮೊದಮೊದಲು ಕ್ಯಾಮೆರಾ ಕಡೆ ಓರೆಗಣ್ಣು ಬಿಡುತ್ತಿದ್ದವಳು, ಪಕ್ಕದ ಮನೆಯ ಕತೆಗಳನ್ನು ನಾನು ಕೆದಕಿದ ಮೇಲೆ ನನ್ನನ್ನೂ ಮರೆತಳು, ಕ್ಯಾಮೆರಾವನ್ನೂ ಮರೆತಳು. ಕಾಯಿ ಕಿವಿಗೆ ಹೋಯಿತು, ಕಣ್ಣು ಅರಳಿದವು, ನಾನು ಒತ್ತಿದೆ. ಫ್ಲಾಶ್ ಇಲ್ಲದ್ದರಿಂದ ರೆಪ್ಪೆ ಅಲ್ಲಾಡಲೇ ಇಲ್ಲ. ಖುಷಿಗೆ ಕುಣಿಯುವುದೊಂದು ಬಾಕಿ. ಸ್ಟುಡಿಯೊಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಏನಿದೆ? ಕಣ್ಣು ಬಿಟ್ಟಿದ್ದಾಳೆ, ಆದರೆ ಒಂದು ಕಣ್ಣಿಗೆ ಎರಡು ಕಣ್ಣು. ಅಷ್ಟು ಕಡಿಮೆ ಐಎಸ್‌ಒಗೆ ಬೆಳಕು ಸಾಲದೆ ಕ್ಯಾಮೆರಾದ ಬಾಗಿಲು ಹೆಚ್ಚು ಹೊತ್ತು ತೆರೆದೇ ಇತ್ತು. ಕಾಯಿ ಅಲ್ಲಾಡಿಸುವಾಗ ಅವ್ವನ ತಲೆಯೂ ಅಲ್ಲಾಡುತ್ತದಲ್ಲ, ಅದೆಲ್ಲ ಕಲಸಿಹೋಗಿತ್ತು.

ಅಣ್ಣ ಅದಕ್ಕೂ ಒಂದು ಉಪಾಯ ಹೇಳಿದ. ಐಎಸ್‌ಒ ಮುಟ್ಟಬೇಡ, ಬಾಗಿಲು ಮುಚ್ಚುವ ವೇಗ ಏರಿಸು, ಫೋಟೊ ಕಪ್ಪಗೆ ಬಂದರೆ ಬರಲಿ, ಕಂಪ್ಯೂಟರಿನಲ್ಲಿ ಬೆಳಗಿಸಿದರಾಯಿತು. ಮಾರನೆಯ ವಾರ ಹಾಗೇ ಮಾಡಿದೆ. ಬೆಳಗಿಸಿ ದುರ್ಗದ ಲ್ಯಾಬಿಗೆ ಕಳಿಸಿದೆವು. ಲ್ಯಾಬಿನವರು ಇನ್ನೂ ಒಂದಿಷ್ಟು ತಾವೇ ಬೆಳಗಿಸಿ ಪ್ರಿಂಟ್ ಹಾಕಿ ಬಸ್ಸಿಗೆ ಕೊಟ್ಟರು. ಕವರ್ ಬಿಚ್ಚಿದರೆ ಅವ್ವನ ಕೆನ್ನೆಯ ಮೇಲೆ ಕೆಂಪು ಹಸಿರು ಚುಕ್ಕೆ, ಕೊರಳ ನೆರಳಿನಲ್ಲಿ ಪಟ್ಟೆಪಟ್ಟೆ, ಹೊಗೆ ಹಿಡಿದ ಅಡುಗೆಮನೆ ಗೋಡೆಯ ಬಣ್ಣ. ಗ್ರೇನ್ಸ್ ಬರಬಾರದೆಂದು ಇಷ್ಟೆಲ್ಲ ಮಾಡಿ ಇಮ್ಮಡಿ ಗ್ರೇನ್ಸ್ ತರಿಸಿಕೊಂಡಿದ್ದೆವು. ಕ್ಯಾಮೆರಾಗೆ ಕೊಡದ ಬೆಳಕನ್ನು ಆಮೇಲೆ ಕಂಪ್ಯೂಟರಿನಲ್ಲಿ ಎಳೆದು ತರುವುದೆಂದರೆ, ಬೇಯದ ಕಾಳನ್ನು ಎಲೆಯ ಮೇಲೆ ಹಾಕಿ ಹಿಚುಕಿದಂತೆ. ಅಣ್ಣ ನೋಡಿ, ಕೊಬ್ಬರಿ ಮನೆ ಸರಿ ಇಲ್ಲ, ಬೇರೆ ಜಾಗ ನೋಡಾಣ ಎಂದ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಾನು ಬಾಯಿಬಿಟ್ಟೇ ಅಂದೆ. ಎರಡು ದಿನ ಮಾತು ಬಿಟ್ಟ.

ಮಾತು ಬಿಟ್ಟದ್ದು ಒಳ್ಳೆಯದೇ ಆಯಿತು, ಕೇಳದೆ ಕ್ಯಾಮೆರಾ ತೆಗೆದುಕೊಂಡು ಹೋದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಳ್ಳೆಯ ಕೆಲಸಗಳನ್ನೆಲ್ಲ ನಾನು ಸಿಟ್ಟಿನಲ್ಲೇ ಮಾಡಿದ್ದೇನೆ. ಬಸ್ಸಿನಲ್ಲಿ ಕೂತು ಪ್ಲಾಸ್ಟರಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿದ್ದೆ, ಕಣ್ಣಿಗೆ ಬೀಳದಿರಲಿ ಎಂದು. ಅವತ್ತು ಅವ್ವನನ್ನು ಮೂರು ಬಗೆಯಲ್ಲಿ ತೆಗೆದೆ. ಮೊದಲು ಮೂರು ಸಾವಿರದ ಇನ್ನೂರು, ಆಮೇಲೆ ಆರು ಸಾವಿರದ ನಾನೂರು, ಕೊನೆಗೆ ಹನ್ನೆರಡು ಸಾವಿರದ ಎಂಟುನೂರು. ಕಪ್ಪಗೆ ತೆಗೆದು ಬೆಳಗಿಸುವ ಕಳ್ಳಾಟವಿಲ್ಲ, ಎಷ್ಟು ಬೆಳಕು ಬೇಕೋ ಅಷ್ಟನ್ನೂ ಅಲ್ಲೇ ಕೊಟ್ಟೆ. ಅವ್ವ ಗಡಗಡ ಎನಿಸುತ್ತಲೇ ಹೋದಳು, ನಾನು ಒತ್ತುತ್ತಲೇ ಹೋದೆ.

ಸ್ಟುಡಿಯೊದಲ್ಲಿ ಅಣ್ಣ ಮಾತು ಬಿಟ್ಟಿದ್ದರೂ ಬೆನ್ನ ಹಿಂದೆ ಬಂದು ನಿಂತ. ನಾನು ತೆರೆದಿದ್ದು ಆರು ಸಾವಿರದ ನಾನೂರಿನದು. ಒಂದು ಕೈ ಚಾಚಿ ಮೌಸ್ ಕಿತ್ತುಕೊಂಡು ಅವ್ವನ ಮೂಗಿನ ತುದಿ ಪರದೆಯ ತುಂಬ ಬರುವಷ್ಟು ಜೂಮ್ ಮಾಡಿದ. ಹಾಗೆ ನೋಡಿದರೆ ಅಪ್ಸರೆಯ ಮೂಗೂ ಮರಳುರಾಶಿಯೇ.

"ಲೇ, ಬಿಡೇ ಇದನ್ನ. ಇದನ್ನ ದೊಡ್ಡದು ಮಾಡ್ಸಿ ಹಾಕಿದ್ರೆ ಸ್ಟುಡಿಯೋ ಮರ್ಯಾದೆ ಹೋಗ್ತೈತೆ."

ಅಷ್ಟು ಹೇಳಿ ಗ್ರೇನ್ಸ್ ತೆಗೆಯುವ ಸಾಫ್ಟ್‌ವೇರ್ ಓಡಿಸಿದ. ಚುಕ್ಕೆಯೇನೋ ಹೋದವು. ಚುಕ್ಕೆಯ ಜೊತೆ ಅವ್ವನ ಹಣೆಯ ಗೆರೆ, ಕಣ್ಣಿನ ಸುತ್ತಲ ಸುಕ್ಕು, ಕೈ ಮೇಲಿನ ನರ ಎಲ್ಲವೂ ಹೋಗಿ ಸುಲಿದ ಮೊಟ್ಟೆಯಂಥ ಒಂದು ಹೆಂಗಸು ಕಾಯಿ ಹಿಡಿದು ಕೂತಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಮೊದಲು ಚಿಕ್ಕಮ್ಮನ ಕಣ್ಣು ತಂದೆ, ಈಗ ಯಾರ ಚರ್ಮ ತಂದೆ ಎಂದು ಕೇಳಿದೆ. ಕೌಂಟರಿನಲ್ಲಿ ಪಾಸ್‌ಪೋರ್ಟ್ ಫೋಟೊಗೆ ಕಾಯುತ್ತಿದ್ದ ಗಿರಾಕಿ ಒಬ್ಬರು ಹೊರಗೆ ಹೋಗಿ ನಿಂತರು.

ಜಗಳದಲ್ಲೇ ನನಗೆ ದಾರಿ ಹೊಳೆದದ್ದು. ನಾವು ಇಬ್ಬರೂ ಪರದೆ ನೋಡಿ ಕಚ್ಚಾಡುತ್ತಿದ್ದೇವೆ, ಫೋಟೊ ಇರುವುದು ಗೋಡೆಯ ಮೇಲೆ. ಅಪ್ಪನ ಫೋಟೊ ಎಷ್ಟು ದೊಡ್ಡದೋ ಅಷ್ಟೇ ಅಳತೆಗೆ ಹಿಗ್ಗಿಸಿದ ಮೂರು ಫೋಟೊಗಳಿಂದಲೂ ಅವ್ವನ ಮುಖದ ಭಾಗವನ್ನು ಮಾತ್ರ ತೆಗೆದು ಒಂದೇ ಹಾಳೆಯಲ್ಲಿ ಪ್ರಿಂಟ್ ಹಾಕಿಸಿದೆ. ಲ್ಯಾಬಿಗೆ ಫೋನ್ ಮಾಡಿ, ಸ್ವಾಮಿ, ನಿಮ್ಮ ಕೈಚಳಕ ಏನೂ ಬೇಡ, ಹೇಗಿದೆಯೋ ಹಾಗೇ ಹಾಕಿ ಎಂದೆ. ಭಾನುವಾರ ಸ್ಟುಡಿಯೊದಿಂದ ಅಣ್ಣನನ್ನು ಎಳೆದುಕೊಂಡು ಊರಿಗೆ ಹೋಗಿ, ಅವ್ವ ತೋಟಕ್ಕೆ ಹೋಗಿದ್ದಾಗ ಆ ಹಾಳೆಯನ್ನು ಅಪ್ಪನ ಪಕ್ಕದ ಖಾಲಿ ಜಾಗಕ್ಕೆ ಅಂಟಿಸಿದೆ. ಅತ್ತಿಗೆಯನ್ನು ಕರೆದು ಹೊಸಿಲ ಹತ್ತಿರ ನಿಲ್ಲಿಸಿದೆ. ನಮ್ಮ ಮನೆಗೆ ಬಂದವರು ಆ ಗೋಡೆ ನೋಡುವುದು ಹೊಸಿಲಿನಿಂದ, ಇಲ್ಲವೆ ಎದುರಿನ ಕಂಬಕ್ಕೆ ಒರಗಿ ಕೂತು. ಅಪ್ಪನ ಗಾಜಿಗೆ ಮೂಗು ತಾಗಿಸಿ ನೋಡಿದವರು ಇದುವರೆಗೆ ಯಾರೂ ಇಲ್ಲ.

ಅತ್ತಿಗೆಗೆ ಯಾವುದು ಎಷ್ಟು ಎಂದು ಹೇಳಿರಲಿಲ್ಲ. ಅವರು ಹೊಸಿಲಿನಿಂದ ನೋಡಿದರು, ಕಂಬಕ್ಕೆ ಒರಗಿ ನೋಡಿದರು. ಮೊದಲ ಎರಡಕ್ಕೆ ಏನು ವ್ಯತ್ಯಾಸ ಎಂದು ನನ್ನನ್ನೇ ಕೇಳಿದರು. ಮೂರನೆಯದಕ್ಕೆ ಮಾತ್ರ ತಲೆ ಅಡ್ಡ ಆಡಿಸಿದರು. ಅದರಲ್ಲಿ ನರೆಗೂದಲು ಒಂದಕ್ಕೊಂದು ಅಂಟಿಕೊಂಡಿತ್ತು, ಕಣ್ಣೊಳಗಿನ ಬೆಳಕಿನ ಚುಕ್ಕೆ ಕದಡಿತ್ತು. ನಾನೂ ಹೊಸಿಲಿಗೆ ಬಂದು ನೋಡಿದೆ, ಅವರು ಹೇಳಿದ್ದೇ ನಿಜ. ಇನ್ನು ಮೊದಲನೆಯದಕ್ಕೂ ನಡುವಿನದಕ್ಕೂ ಇದ್ದ ವ್ಯತ್ಯಾಸ ಕಸುಬಿನ ಕಣ್ಣಿಗೆ ಮಾತ್ರ ಕಾಣುವಂಥದ್ದು. ಮೊದಲನೆಯದರಲ್ಲಿ ಕಾಯಿ ಹಿಡಿದ ಬೆರಳು ಕೊಂಚ ಕಲಸಿತ್ತು, ಕಣ್ಣಂಚೂ ಚುರುಕಿರಲಿಲ್ಲ. ನಡುವಿನದರಲ್ಲಿ ಬೆರಳು ಬೆರಳಾಗಿತ್ತು, ರೆಪ್ಪೆಯ ಕೂದಲು ಎಣಿಸುವ ಹಾಗಿತ್ತು. ಆರು ಸಾವಿರದ ನಾನೂರು. ಅಷ್ಟು ಏರಿಸಬಹುದು, ಅದರ ಮೇಲೆ ಬೇಡ. ನಮ್ಮ ಗೋಡೆಗೆ, ನಮ್ಮ ಹೊಸಿಲಿಗೆ, ನಮ್ಮವ್ವನಿಗೆ ಅದೇ ಗಡಿ.

ಅಣ್ಣ ಮಾತ್ರ ಗೋಡೆಗೆ ಅಂಟಿಕೊಂಡೇ ನಿಂತಿದ್ದ, ಗ್ರೇನ್ಸ್ ಹುಡುಕುತ್ತ. ರಟ್ಟೆ ಹಿಡಿದು ಹೊಸಿಲಿಗೆ ತಂದು ನಿಲ್ಲಿಸಿ, ಅವನನ್ನು ಮೊದಲು ಹೊರಗೆ ತಿರುಗಿಸಿದೆ. ನಮ್ಮ ಹೊಸಿಲಿನಿಂದ ತೆಂಗಿನ ತಲೆಗಳ ಮೇಲೆ ರಾಮಗಿರಿ ಬೆಟ್ಟ ಕಾಣುತ್ತದೆ, ತಿಕ್ಕಿ ತೊಳೆದಿಟ್ಟ ಹಾಗೆ. ಚಿಕ್ಕಂದಿನಲ್ಲಿ ಅದನ್ನು ಹತ್ತಲು ಹೋಗಿ ಮುಳ್ಳು ಕಲ್ಲು ಚುಚ್ಚಿಸಿಕೊಂಡು ಅತ್ತವನು ಇವನೇ.

"ದೂರದ ಬೆಟ್ಟ ನುಣ್ಣಗೆ ಅಂತಾರಲ್ಲಣ್ಣ. ನಂಗೆ ಬೇಕಿರೋದು ದೂರದ್ದೇ. ಈಗ ತಿರುಗಿ ನೋಡು."

ತಿರುಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಬ್ಯಾಗಿನಿಂದ ಕ್ಯಾಮೆರಾ ತೆಗೆದುಕೊಂಡು, ಉಗುರಿನಿಂದ ಕೆರೆದು ಕೆರೆದು ಆ ಪ್ಲಾಸ್ಟರನ್ನು ಕಿತ್ತು ಅಂಗಳಕ್ಕೆ ಎಸೆದ. ನನಗೆ ಹಬ್ಬದೂಟ ಉಂಡಷ್ಟು ಹೊಟ್ಟೆ ತುಂಬಿತು. ಗೆದ್ದೆ ಎಂದು ಬಾಯಲ್ಲಿ ಹೇಳಲಿಲ್ಲ. ಮುಖದಲ್ಲಿ ಇತ್ತಂತೆ, ಅತ್ತಿಗೆ ಆಮೇಲೆ ಹೇಳಿದರು.

ದೊಡ್ಡ ಪ್ರಿಂಟ್ ಬಂತು, ಅಪ್ಪನದೇ ಅಳತೆಯ ಕಟ್ಟು ಹಾಕಿಸಿದೆವು. ಅವ್ವ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸೆರಗಿನಿಂದ ಕೈ ಒರೆಸಿಕೊಂಡು, ಫೋಟೊದ ಕಣ್ಣಿನ ಮೇಲೆ ಒಂದು ಬೆರಳು ಇಟ್ಟು, ಇವು ನನ್ನವೇ ಏನೇ ಎಂದು ಕೇಳಿದಳು. ನಿನ್ನವೇ ಕಣವ್ವ, ಯಾರಿಗೂ ವಾಪಸ್ ಕೊಡೋದು ಬೇಡ ಎಂದೆ. ಮೊಳೆಯನ್ನು ತಾನೇ ಹೊಡೆಯುತ್ತೇನೆಂದು ಸ್ಟೂಲು ಹತ್ತಿದಳು. ಅಣ್ಣ ಸ್ಟೂಲು ಹಿಡಿದ.

ಮುಂದಿನದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಒಂದು ಶುಕ್ರವಾರ ನಾನು ಊರಲ್ಲಿದ್ದೆ. ಶುಕ್ರವಾರದ ಪೂಜೆಗೆ ಅತ್ತಿಗೆ ಗೋಡೆಯ ಸಾಲಿಗೆ ಹೂ ಏರಿಸುವುದು ರೂಢಿ. ಅವತ್ತು ಕೈ ಅಭ್ಯಾಸದಲ್ಲಿ ಕೊನೆಯ ಫೋಟೊಗೂ ಒಂದು ಮಾಲೆ ಹಾಕಿ ಹಿತ್ತಿಲಿಗೆ ಹೋಗಿದ್ದಾರೆ. ಅವ್ವ ಮತ್ತು ನಾನು ಕೊಬ್ಬರಿ ಮನೆಯಲ್ಲಿದ್ದೆವು. ಅಷ್ಟರಲ್ಲಿ ಹಿರಿಯೂರಿನ ನಮ್ಮ ಸೋದರಮಾವ, ಅವ್ವನ ತಮ್ಮ, ಹೊಳಲ್ಕೆರೆಯಲ್ಲಿ ಮದುವೆಗೆ ಹೋಗುವ ದಾರಿಯಲ್ಲಿ ಅಕ್ಕನನ್ನು ನೋಡಿಹೋಗೋಣವೆಂದು ಬಸ್ಸಿಳಿದು ನೇರ ಮನೆಯೊಳಕ್ಕೆ ಬಂದಿದ್ದಾರೆ. ಮನೆ ನಿಶ್ಶಬ್ದ. ಗೋಡೆಯ ಮೇಲೆ, ಅಪ್ಪನ ಪಕ್ಕದಲ್ಲಿ, ಹೂವಿನ ಮಾಲೆಯೊಳಗೆ ಅಕ್ಕ. ನಮಗೆ ಕೇಳಿಸಿದ್ದು ಒಂದು ಗಂಡಸಿನ ಗೋಳು. ನಾವು ಕಾಯಿ ಬಿಸಾಕಿ ಓಡಿಬಂದೆವು. ಮಾವ ಹೊಸಿಲ ಮೇಲೆ ಕುಸಿದು ಕೂತು, ಒಂದು ಮಾತು ತಿಳಿಸಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಅವ್ವ ಹಿಂದಿನಿಂದ ಹೋಗಿ ಅವರ ಭುಜ ಹಿಡಿದು, ಯಾಕಪ್ಪ, ಯಾರು ಹೋದರು ಎಂದು ಕೇಳಿದಳು. ಮಾವ ತಿರುಗಿ ನೋಡಿ ಕೂಗಿದ ಕೂಗಿಗೆ ಅತ್ತಿಗೆ ಹಿತ್ತಿಲ ಒಲೆಯ ಬಳಿಯಿಂದ ಸೌಟು ಹಿಡಿದೇ ಬಂದರು.

ಅವ್ವನಿಗೆ ವಿಷಯ ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳು ನಕ್ಕಿದ್ದನ್ನು ನೋಡಬೇಕಿತ್ತು. ತಮ್ಮನ ಗದ್ದ ಹಿಡಿದು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಸತ್ತೋರು ಹಿಂಗೆ ಕಣ್ಣು ಬಿಟ್ಕಂಡು ನೋಡ್ತಾರೇನೋ? ಸರಿಯಾಗಿ ನೋಡು."

ಮಾವ ಕಣ್ಣೊರೆಸಿಕೊಂಡು ಹೊಸಿಲಿನಿಂದಲೇ ನೋಡಿದರು. ನೋಡುತ್ತ ನೋಡುತ್ತ ಅವರ ಅಳು ನಿಂತಿತು. ನಮ್ಮವ್ವನ ತಾಯಿ ಒಂದೂ ಫೋಟೊ ಇಲ್ಲದೆ ಹೋದಾಕೆ. ಆ ತಾಯಿಯ ಕಣ್ಣೂ ಥೇಟು ಹೀಗೇ ಇದ್ದವು, ಇಷ್ಟು ವರ್ಷವಾದ ಮೇಲೆ ಇವತ್ತು ನೋಡಿದಂತಾಯಿತು ಎಂದು ಮಾವ ಮೆಲ್ಲಗೆ ಹೇಳಿದರು. ಅಣ್ಣನೂ ಅಷ್ಟರಲ್ಲಿ ಊಟಕ್ಕೆ ಬಂದಿದ್ದ, ಅವನೂ ಕೇಳಿಸಿಕೊಂಡ. ಗ್ರೇನ್ಸ್ ಬಗ್ಗೆ ಯಾರೂ ಚಕಾರವೆತ್ತಲಿಲ್ಲ.

ಮಾಲೆ ತೆಗೆಯಲು ಅತ್ತಿಗೆ ನಾಚಿಕೊಂಡು ಸ್ಟೂಲು ತಂದರು. ಇರಲಿ ಬಿಡು, ಇದ್ದಾಗಲೇ ಹೂ ಮುಡಿದಂಗಾಯ್ತು ಎಂದಳು ಅವ್ವ. ಹೊರಡುವ ಮುಂಚೆ ಮಾವ ಅಕ್ಕನನ್ನು ಆ ಫೋಟೊದ ಕೆಳಗೆ ನಿಲ್ಲಿಸಿಕೊಂಡು, ಮೊಬೈಲು ಎತ್ತಿ ಒಂದು ಸೆಲ್ಫಿ ತೆಗೆದರು. ಮೊಬೈಲಿನ ಫ್ಲಾಶ್ ಫಳಕ್ಕೆಂದಿತು. ನೋಡಿದರೆ ಅವ್ವ ಎಂದಿನಂತೆ ಕಣ್ಣು ಮುಚ್ಚಿದ್ದಾಳೆ. ಮಾವ ಪೇಚಾಡಿಕೊಂಡು ಇನ್ನೊಂದು ತೆಗೆಯುತ್ತೇನೆ, ನಿಲ್ಲು ಎಂದರು. ಅವ್ವ ಆಗಲೇ ಕೊಬ್ಬರಿ ಮನೆಯ ಕಡೆ ಹೊರಟಿದ್ದಳು.

"ಮುಚ್ಚಿದ್ರೆ ಮುಚ್ಕಳ್ಳಿ ಬಿಡಪ್ಪ. ಬಿಟ್ಟಿರೋದು ಅಲ್ಲೈತಲ್ಲ."